ಹೆರಿಗೆಯ ಹೊಲಿಗೆಯ ನೋವು ಮತ್ತು ಅದರ ಆರೈಕೆ

ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ಜನನಸೂತಕ, ರಜಸ್ಸೂತಕಗಳೂ ಸೇರಿವೆ. ಹೆಣ್ಣಿನ ದೇಹ ಮೈಲಿಗೆಯಲ್ಲವೆಂದು ನಂಬಿರುವ ನಾವು ಆ ದೇಹದ ನೋವನ್ನು ಕುರಿತು ಮಾತನಾಡಲು ಸಂಕೋಚಪಡಬೇಕಾಗಿಲ್ಲ. ಆದರೂ ಗುಪ್ತಾಂಗದ ಹೊಲಿಗೆಯ ನೋವನ್ನು ಹೆತ್ತ ತಾಯಿಗೂ ಹೇಳಲಾರದೆ ತಿಂಗಳುಗಟ್ಟಲೆ ಸಹಿಸುವ ಹೆಣ್ಣುಮಕ್ಕಳು ನಮ್ಮ ನಡುವೆ ಇದ್ದಾರೆ.

ಹೆರಿಗೆಯ ವೇಳೆ ಮಗುವಿಗೆ ದಾರಿಯಾಗಲೆಂದು ಯೋನಿದ್ವಾರದ ಬದಿಯನ್ನು ಕೊಯ್ದು, ಬಳಿಕ ಹೊಲಿಗೆ ಹಾಕುವುದುಂಟು. ಇದನ್ನು ಎಲ್ಲರಿಗೂ ವಾಡಿಕೆಯಂತೆ ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ತಿಳಿಸಿದೆ. ನಗರಗಳಲ್ಲಿ ಕೇವಲ ಅಂದಕ್ಕಾಗಿ ಈ ಭಾಗಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರೂ ಇದ್ದಾರೆ. ಅದರಿಂದಲೂ ಕಲೆಗಟ್ಟುವಿಕೆ, ದೀರ್ಘಕಾಲದ ನೋವು ಉಂಟಾಗಬಹುದು. ಮುಖಗಳು ಭಿನ್ನವಾಗಿರುವಂತೆ ಈ ಅಂಗದ ಆಕಾರವೂ ಒಬ್ಬೊಬ್ಬರಲ್ಲಿ ಒಂದೊಂದು ಬಗೆ; ಅದು ದೋಷವಲ್ಲ.

ಮೊದಲ ಕೆಲವು ವಾರಗಳ ನೋವು ಸಹಜ. ಮೊದಲೆರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಟ್ಟರೆ ಊತ ತಗ್ಗುತ್ತದೆ. ಅನಂತರ ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಕುಳಿತರೆ ಹಿತವೆನಿಸುತ್ತದೆ. ಬಳಿಕ ಗಾಯವನ್ನು ಮೆತ್ತಗೆ ಒತ್ತಿ ಒಣಗಿಸಬೇಕು. ಹಸಿಗಾಯಕ್ಕೆ ಅರಿಸಿನ, ಎಣ್ಣೆ, ಬೂದಿ ಹಚ್ಚಬಾರದು. ಕೆಂಡದ ಶಾಖ ಕೊಡಬಾರದು. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿಯನ್ನು ಬಿಡಬೇಕು. ನೀರು, ಸೊಪ್ಪು, ಹಣ್ಣು ಸಾಲದೆ ಮಲಬದ್ಧತೆಯಾದರೆ ಮುಕ್ಕುವಾಗ ಹೊಲಿಗೆಯ ಮೇಲೆ ಒತ್ತಡ ಬಿದ್ದು ನೋವು ಹೆಚ್ಚುತ್ತದೆ.

ಗಾಯ ಪೂರ್ಣವಾಗಿ ಮಾಗಿದೆಯೆಂದು ವೈದ್ಯರು ಪರೀಕ್ಷಿಸಿ ಹೇಳಿದ ಮೇಲೆ, ಸಾಮಾನ್ಯವಾಗಿ ಆರು ವಾರಗಳ ನಂತರ, ಶುಚಿಯಾದ ಬೆರಳಿನಿಂದ ಕಲೆಯನ್ನು ನಿತ್ಯ ಕೆಲವು ನಿಮಿಷ ಮೃದುವಾಗಿ ನೀವಬಹುದು. ಗಡುಸಾದ ಚರ್ಮ ಸಡಿಲಗೊಳ್ಳುತ್ತದೆ. ನೋವಿನ ಭಯದಿಂದ ಆ ಭಾಗದ ಸ್ನಾಯುಗಳು ಬಿಗಿಯುತ್ತವೆ, ಬಿಗಿತದಿಂದ ನೋವು ಮತ್ತಷ್ಟು ಬೆಳೆಯುತ್ತದೆ. ನಿಧಾನವಾಗಿ ಹೊಟ್ಟೆಯವರೆಗೆ ಉಸಿರೆಳೆದು ಬಿಡುತ್ತ ಆ ಸ್ನಾಯುಗಳನ್ನು ಸಡಿಲಿಸುವುದನ್ನು ಅಭ್ಯಾಸ ಮಾಡಿದರೆ ಈ ಸರಪಳಿ ಕಡಿಯುತ್ತದೆ. ದಾಂಪತ್ಯ ಸಂಪರ್ಕವನ್ನು ಪತ್ನಿಯ ದೇಹ, ಮನಸ್ಸು ಎರಡೂ ಒಪ್ಪುವವರೆಗೆ ಮುಂದೂಡುವುದು ಪತಿಯ ಧರ್ಮ.

ಜ್ವರ, ಕೀವು, ದುರ್ವಾಸನೆ, ಹೊಲಿಗೆ ಬಿಚ್ಚುವಿಕೆ, ಹೆಚ್ಚು ರಕ್ತಸ್ರಾವ, ಮಲಮೂತ್ರಗಳ ಹಿಡಿತ ತಪ್ಪುವುದು, ದಿನದಿಂದ ದಿನಕ್ಕೆ ಏರುವ ನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೂರು ತಿಂಗಳ ಮೇಲೂ ನೋವು ಉಳಿದರೆ ಅದಕ್ಕೆ ಮುಲಾಮು, ನರನೋವಿನ ಔಷಧ, ಫಿಸಿಯೋಥೆರಪಿ ಇವೆ. ಮತ್ತೆ ಶಸ್ತ್ರಚಿಕಿತ್ಸೆ ಕೊನೆಯ ದಾರಿ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಬರಬೇಕೆಂಬ ನಿಯಮವಿದೆ. ಅನುಗೊಂಡನಹಳ್ಳಿ ಹೋಬಳಿಯ ತಾಯಂದಿರು ಆಕೆ ಮಗುವನ್ನು ನೋಡಿ ಹೊರಡುವ ಮುನ್ನ ತಮ್ಮ ನೋವನ್ನೂ ಹೇಳಿಕೊಳ್ಳಲಿ. ಅತ್ತೆಯಂದಿರು ಸೊಸೆಯನ್ನು ತಾವಾಗಿಯೇ ವಿಚಾರಿಸಲಿ ಎಂದು ನಾವು ಕೋರುತ್ತೇವೆ.