ಸಭೆಗೆ ಮೂರು ವರ್ಷದ ಯೋಜನೆ: ಹಂತ ಹಂತವಾಗಿ

ನಿಮ್ಮ ಸಿಎಸ್‌ಐ ಸಭೆಯ ಪಾಸ್ಟರೇಟ್ ಕಮಿಟಿಗೆ ಹೊಸದಾಗಿ ಆಯ್ಕೆಯಾಗಿದ್ದೀರಿ. ಮೊದಲ ಮೀಟಿಂಗ್‌ನಲ್ಲೇ ಸಭಾಪಾಲಕರು, "ಮುಂದಿನ ಮೂರು ವರ್ಷಕ್ಕೆ ಒಂದು ಯೋಜನೆ ಮಾಡೋಣ, ನೀವೇ ಬರೆಯಿರಿ" ಎಂದಿದ್ದಾರೆ. ಭಯಪಡಬೇಡಿ. ಇದಕ್ಕೆ ಮ್ಯಾನೇಜ್‌ಮೆಂಟ್ ಓದಿರಬೇಕಿಲ್ಲ. ಒಂದು ನೋಟ್‌ಬುಕ್, ಒಂದು ಪೆನ್ನು, ನಿಮ್ಮ ಬೈಬಲ್ ಇದ್ದರೆ ಸಾಕು.

1. ಮೊದಲು ಇರುವುದನ್ನು ನೋಡಿ. ಬೈಬಲಿನ ನೆಹೆಮೀಯ ಯೆರೂಸಲೇಮಿಗೆ ಬಂದವನೇ ಭಾಷಣ ಮಾಡಲಿಲ್ಲ. ರಾತ್ರಿ ಹೊತ್ತು ಕೆಲವೇ ಜನರೊಂದಿಗೆ ಹೋಗಿ ಪಟ್ಟಣದ ಬಿದ್ದ ಗೋಡೆಯನ್ನು ಕಣ್ಣಾರೆ ನೋಡಿದ. ನೀವು ಸಭೆಯ ರಿಜಿಸ್ಟರ್ ತೆಗೆಯಿರಿ. ಎಷ್ಟು ಕುಟುಂಬಗಳಿವೆ, ಸಂಡೇ ಸ್ಕೂಲಿಗೆ ಎಷ್ಟು ಮಕ್ಕಳು ಬರುತ್ತಾರೆ, ತಿಂಗಳ ಕಾಣಿಕೆ ಎಷ್ಟು ಎಂದು ಬರೆದುಕೊಳ್ಳಿ. ನಾಲ್ಕು ಭಾನುವಾರ ಆರಾಧನೆಗೆ ಬಂದವರನ್ನು ಎಣಿಸಿ. ಕ್ರಿಸ್ಮಸ್, ಈಸ್ಟರ್ ದಿನದ ಲೆಕ್ಕ ಹಿಡಿಯಬೇಡಿ, ಅಂದು ಬೇರೆ ಊರಿನಲ್ಲಿರುವವರೂ ಬಂದಿರುತ್ತಾರೆ.

2. ಮನೆಮನೆಗೆ ಹೋಗಿ ಕೇಳಿ. ಈ ಹಂತಕ್ಕೆ ಎರಡು ತಿಂಗಳು ಹಿಡಿದರೂ ಪರವಾಗಿಲ್ಲ. ಬರುವುದನ್ನು ನಿಲ್ಲಿಸಿದವರ ಮನೆಗೇ ಮೊದಲು ಹೋಗಿ. "ಸಭೆಯಿಂದ ನಿಮಗೆ ಏನಾಗಬೇಕಿತ್ತು?" ಎಂದು ಕೇಳಿ, ಸುಮ್ಮನೆ ಕುಳಿತುಕೊಳ್ಳಿ. ಮೆಟ್ಟಿಲು ಹತ್ತಲಾಗದ ಅಜ್ಜಿ, ಭಾನುವಾರವೂ ಶಿಫ್ಟ್ ಇರುವ ಹುಡುಗ, ಗಂಡ ತೀರಿಕೊಂಡ ಮೇಲೆ ಯಾರೂ ತಿರುಗಿ ನೋಡಲಿಲ್ಲ ಎನ್ನುವ ತಾಯಿ, ಇವರ ಮಾತು ಕಮಿಟಿಯ ಕೋಣೆಯವರೆಗೆ ಬರುವುದೇ ಇಲ್ಲ. ಇಲ್ಲಿ ಹೊಸಬರು ಎಡವುವುದು ಸಮರ್ಥನೆಗೆ ಇಳಿದು. ದೂರು ಬಂದರೆ ವಾದಿಸಬೇಡಿ, ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ಓದಿ: ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಎಂಬ ದೂರನ್ನು ಕಿವಿಗೊಟ್ಟು ಕೇಳಿದ್ದರಿಂದಲೇ ಏಳು ಮಂದಿ ಸೇವಕರ ಆಯ್ಕೆಯಾಯಿತು.

3. ಮೊದಲ ವರ್ಷಕ್ಕೆ ಒಂದೇ ಕೆಲಸ ಆರಿಸಿ. ಕಮಿಟಿಯಲ್ಲಿ ಹೊಸ ಹಾಲ್ ಕಟ್ಟುವ ಮಾತು ಬಂದೇ ಬರುತ್ತದೆ. ಕಟ್ಟಡ ಕಾಯಬಹುದು, ಒಂಟಿಯಾಗಿರುವ ವೃದ್ಧರು ಕಾಯಲಾರರು. ಮನೆಭೇಟಿಯಲ್ಲಿ ಹೆಚ್ಚು ಸಲ ಕೇಳಿಬಂದದ್ದನ್ನೇ ಮುಂದಿಡಿ.

4. ಹೆಸರು, ತಾರೀಖು, ದುಡ್ಡು ಬರೆಯಿರಿ. ಎಕ್ಸೆಲ್ ಬಂದರೆ ಅದರಲ್ಲಿ, ಬಾರದಿದ್ದರೆ ಹಾಳೆಯಲ್ಲಿ ಗೆರೆ ಹಾಕಿ. "ಯುವಜನರು ನೋಡಿಕೊಳ್ಳುತ್ತಾರೆ" ಎಂದು ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲ. ನೆಹೆಮೀಯನ 3ನೇ ಅಧ್ಯಾಯದಲ್ಲಿ ಗೋಡೆಯ ಯಾವ ಭಾಗ ಯಾರದು ಎಂದು ಹೆಸರು ಹಿಡಿದು ಬರೆದಿದೆ. ಆ ಗೋಡೆ 52 ದಿನದಲ್ಲಿ ಮುಗಿಯಿತು.

5. ಭಾರ ಹಂಚಿ. ಎಲ್ಲವನ್ನೂ ಸಭಾಪಾಲಕರ ತಲೆಗೆ ಕಟ್ಟಬೇಡಿ. ಅವರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಆಗುತ್ತದೆ, ಯೋಜನೆ ಅವರೊಬ್ಬರ ತಲೆಯಲ್ಲಿದ್ದರೆ ಅದೂ ಜೊತೆಗೇ ಹೋಗುತ್ತದೆ. ಒಂದು ಪ್ರತಿ ಕಾರ್ಯದರ್ಶಿಯ ಫೈಲಿನಲ್ಲಿರಲಿ.

6. ಸಭೆಯ ಮುಂದೆ ಓದಿ. ವಾಟ್ಸಾಪ್‌ನಲ್ಲಿ ಕಳಿಸಿ ಮುಗಿಸಬೇಡಿ. ಆರಾಧನೆಯ ನಂತರ ಎಲ್ಲರನ್ನೂ ಕೂರಿಸಿಕೊಂಡು ಓದಿ, ಪ್ರಶ್ನೆ ಕೇಳಲು ಬಿಡಿ, ಒಟ್ಟಿಗೆ ಪ್ರಾರ್ಥಿಸಿ.

7. ಮೂರು ತಿಂಗಳಿಗೊಮ್ಮೆ ತೆರೆದು ನೋಡಿ. ಆಗದ ಕೆಲಸವಿದ್ದರೆ ಕಾರಣ ಬರೆಯಿರಿ, ತಾರೀಖು ಬದಲಿಸಿ. ಯಾರನ್ನೂ ಎಲ್ಲರೆದುರು ತರಾಟೆಗೆ ತೆಗೆದುಕೊಳ್ಳಬೇಡಿ, ಸಂಬಳವಿಲ್ಲದೆ ದುಡಿಯುವವರು ಅವರು.

ಬರುವ ಭಾನುವಾರವೇ ಶುರುಮಾಡಿ. ಆರಾಧನೆ ಮುಗಿದೊಡನೆ ರಿಜಿಸ್ಟರ್ ಕೇಳಿ ಪಡೆದುಕೊಳ್ಳಿ.