ಸಾರಿನ ಘಮ ಎಲ್ಲಿ ಹೋಯಿತು?

ನಮ್ಮ ಕಲಿಕೆ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರು ಮಾಡುವ ಸಾರು ಅಂದರೆ ಬೀದಿಗೆಲ್ಲ ಇಷ್ಟ. 2021ರಲ್ಲಿ ಅವರಿಗೆ ಕೊರೊನಾ ಬಂತು. ಜ್ವರ ಹೋಯಿತು. ಕೆಮ್ಮು ಹೋಯಿತು. ಆದರೆ ಹೋದ ವಾಸನೆ ತಿರುಗಿ ಬರಲಿಲ್ಲ.

ಒಗ್ಗರಣೆ ಹಾಕಿದರೆ ಚಟಪಟ ಸದ್ದು ಕೇಳುತ್ತೆ, ಘಮ ಇಲ್ಲ. ಮಲ್ಲಿಗೆ ಮುಡಿದರೂ ಇಲ್ಲ. ಊಟ ಬರೀ ಸಪ್ಪೆ. ರುಚಿ ಬರಲಿ ಅಂತ ಉಪ್ಪು, ಖಾರ ಜಾಸ್ತಿ ಹಾಕಿದರು. ಮನೆಯಲ್ಲಿ ಬೈಗುಳ ತಿಂದರು. "ಇದೆಲ್ಲ ನೆಪ" ಅಂದರು ಅತ್ತೆ. ನಿಜ ಹೇಳುತ್ತೇನೆ, ಮೊದಲು ನಾನೂ ಇದನ್ನು ದೊಡ್ಡದು ಅಂದುಕೊಳ್ಳಲಿಲ್ಲ.

ಒಂದು ಸಂಜೆ ಮಗಳು ಶಾಲೆಯಿಂದ ಬಂದಳು. ಬಾಗಿಲಲ್ಲೇ ನಿಂತು, "ಅಮ್ಮಾ, ಗ್ಯಾಸ್ ವಾಸನೆ!" ಎಂದು ಕೂಗಿದಳು. ಹಾಲು ಉಕ್ಕಿ ಒಲೆ ಆರಿತ್ತು. ಗ್ಯಾಸ್ ಸೋರುತ್ತಲೇ ಇತ್ತು. ಅಕ್ಕ ಅಲ್ಲೇ ಕುಳಿತು ಸೊಪ್ಪು ಬಿಡಿಸುತ್ತಿದ್ದರು. ದೇವರ ದೀಪ ಹಚ್ಚುವ ಹೊತ್ತು. ಬೆಂಕಿಪೊಟ್ಟಣ ಪಕ್ಕದಲ್ಲೇ ಇತ್ತು.

ಮರುದಿನ ಅಕ್ಕ ನನ್ನನ್ನು ಕೇಳಿದರು.

"ಟೀಚರ್, ನನ್ನ ಮೂಗು ಕಟ್ಟಿಲ್ಲ. ಉಸಿರು ಚೆನ್ನಾಗೇ ಆಡುತ್ತೆ. ಮತ್ಯಾಕೆ ಹೀಗೆ?"

ಮೂಗಿನ ಒಳಗೆ, ಮೇಲುಗಡೆ, ಒಂದು ತೆಳು ಪೊರೆ ಇದೆ. ವಾಸನೆ ಹಿಡಿಯುವ ನರಗಳು ಅದರಲ್ಲಿವೆ. ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಆ ನರಗಳಿಗೆ ಆಸರೆಯಾಗಿ ಸುತ್ತಲೂ ಬೇರೆ ಜೀವಕಣಗಳಿವೆ. ಕೊರೊನಾ ವೈರಸ್ ಹೆಚ್ಚಾಗಿ ಈ ಆಸರೆಯ ಕಣಗಳನ್ನೇ ಹಾಳು ಮಾಡುತ್ತದೆ. ಕಂಬ ಬಿದ್ದರೆ ಮನೆಯ ಕರೆಂಟ್ ಹೋಗುವುದಿಲ್ಲವೇ? ಹಾಗೆ. ಫ್ಲೂ, ನೆಗಡಿ ವೈರಸ್‌ಗಳಿಂದಲೂ ಕೆಲವರಿಗೆ ಹೀಗಾಗುತ್ತದೆ.

"ಮೂಗು ಕೆಟ್ಟರೆ ನಾಲಿಗೆಗೆ ಏನಾಯ್ತು?"

ಮೂಗು ಹಿಡಿದುಕೊಂಡು ಸ್ವಲ್ಪ ಜೀರಿಗೆ ಅಗಿಯಿರಿ. ಅದು ಜೀರಿಗೆ ಅಂತ ಗೊತ್ತಾಗುವುದೇ ಕಷ್ಟ. ಈಗ ಮೂಗು ಬಿಡಿ. ಥಟ್ಟನೆ ಜೀರಿಗೆ! ಸಿಹಿ, ಉಪ್ಪು, ಹುಳಿ, ಕಹಿ ನಾಲಿಗೆಗೆ ಗೊತ್ತು. ಉಳಿದ ರುಚಿಯಲ್ಲಿ ಬಹುಪಾಲು ಮೂಗಿನದೇ.

ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ, ಇಲ್ಲವೇ ಕೆಲವು ತಿಂಗಳಲ್ಲಿ ವಾಸನೆ ತಿರುಗಿ ಬರುತ್ತದೆ. ಕೆಲವರಿಗೆ ವರ್ಷಗಳೇ ಬೇಕು. ಕೆಲವರಿಗೆ ಪೂರ್ತಿ ಬರುವುದೇ ಇಲ್ಲ. ಬರುವಾಗ ತಪ್ಪಾಗಿ ಬರುವುದೂ ಉಂಟು. ಕಾಫಿ, ಈರುಳ್ಳಿ, ಬೆಳ್ಳುಳ್ಳಿ ಕೊಳೆತಂತೆ ನಾರುತ್ತವೆ. ಊಟ ಸೇರುವುದಿಲ್ಲ, ಮೈ ಇಳಿಯುತ್ತದೆ. ಇದು ನಾಟಕವಲ್ಲ, ಹುಚ್ಚೂ ಅಲ್ಲ.

ಮೂಗಿಗೂ ನಮ್ಮ ಅಕ್ಷರದ ಹಾಗೆ ಅಭ್ಯಾಸ ಮಾಡಿಸಬಹುದು. ಜರ್ಮನಿಯ ವೈದ್ಯರು 2009ರಲ್ಲಿ ಈ ಅಭ್ಯಾಸದ ಬಗ್ಗೆ ಬರೆದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕು ವಾಸನೆ ಸಾಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೂಸಬೇಕು. ಒಂದೊಂದನ್ನೂ ಸುಮಾರು 20 ಸೆಕೆಂಡು. ಮೂಸುವಾಗ ಅದರ ಹಳೆಯ ಘಮವನ್ನು ನೆನೆಯಬೇಕು. ಕನಿಷ್ಠ 3 ತಿಂಗಳು ಬಿಡದೆ ಮಾಡಬೇಕು. ಎಲ್ಲರಿಗೂ ಗುಣವಾಗುತ್ತದೆ ಎಂದಲ್ಲ, ಆದರೆ ಹಲವರಿಗೆ ಉಪಯೋಗವಾಗಿದೆ. ನೀಲಗಿರಿ ಎಣ್ಣೆಯನ್ನು ದೂರದಿಂದ ಮೂಸಿ, ಮೂಗಿಗೆ ಬಿಡಬೇಡಿ. ಮಕ್ಕಳ ಕೈಗೆ ಸಿಗದಂತೆ ಇಡಿ, ಕುಡಿದರೆ ವಿಷ. ತಿಂಗಳಾದರೂ ವಾಸನೆ ಬರದಿದ್ದರೆ ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸಿ.

ಅಕ್ಕ ಆರು ತಿಂಗಳು ಮೂಸಿದರು. ಲವಂಗ ಸ್ವಲ್ಪ ಗೊತ್ತಾಗುತ್ತೆ ಅಂತಾರೆ. ಮಲ್ಲಿಗೆ ಇನ್ನೂ ಇಲ್ಲ. ಈಗ ಸಾರಿನ ಉಪ್ಪನ್ನು ಚಮಚದಲ್ಲಿ ಅಳೆದು ಹಾಕುತ್ತಾರೆ. ಹಳಸಿದ್ದು ಗೊತ್ತಾಗದು, ಅದಕ್ಕೆ ಉಳಿದ ಅಡುಗೆಯನ್ನು ಮಗಳ ಕೈಲಿ ಮೂಸಿಸುತ್ತಾರೆ. ಒಲೆ ಹಚ್ಚಿದರೆ ಅಲ್ಲಿಂದ ಕದಲುವುದಿಲ್ಲ. ಮಲಗುವ ಮುಂಚೆ ರೆಗ್ಯುಲೇಟರ್ ಬಂದ್ ಮಾಡುತ್ತಾರೆ.

ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಅಂತ ಅದಕ್ಕೆ ಕೆಟ್ಟ ವಾಸನೆ ಬೆರೆಸುತ್ತಾರೆ. ಅದು ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಸೋರಿದರೆ ಬೆಂಕಿ ಕಡ್ಡಿ ಗೀರಬೇಡಿ, ಲೈಟಿನ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು, ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ. ಆಮೇಲೆ 1906ಕ್ಕೆ ಫೋನ್ ಮಾಡಿ.

ಬರೆಯಿರಿ:
ಮೂಗು, ವಾಸನೆ, ಒಗ್ಗರಣೆ, ಲವಂಗ, ಗ್ಯಾಸ್.
1906 ಎಂದು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ.