ಕಳೆ ಕೊಚ್ಚುವ ಮಿಷನ್ ಕೊಳ್ಳುವ ಮುನ್ನ: ರಾಯದುರ್ಗ, ಮಡಕಶಿರದವರಿಗೆ 10 ಸೂತ್ರ

ವರ್ಷಕ್ಕೆ ಸರಾಸರಿ 550 ಮಿ.ಮೀ. ಆಸುಪಾಸು ಮಳೆ ಕಾಣುವ ಸೀಮೆ ನಮ್ಮದು. ಆದರೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಎರಡು ಹದಮಳೆ ಬಿದ್ದರೆ ಸಾಕು, ಅಗಳಿ, ರೊಳ್ಳ, ಅಮರಾಪುರದ ಅಡಿಕೆ ತೋಟಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರಾಯದುರ್ಗದ ಕಡೆ ಬದುಗಳ ಮೇಲೆ ಕಾಂಗ್ರೆಸ್ ಗಿಡ ಎದೆಮಟ್ಟಕ್ಕೆ ಬರುತ್ತದೆ. ಕಳೆ ತೆಗೆಯಲು ಆಳು ಸಿಗದಿದ್ದಾಗ ಪೆಟ್ರೋಲ್ ಬ್ರಷ್ ಕಟರ್ ಒಂದು ಇರಲಿ ಎನಿಸುವುದು ಸಹಜ. ಹಿಂದೂಪುರಕ್ಕೋ ಸಿರಾಕ್ಕೋ ಬಳ್ಳಾರಿಗೋ ಬಸ್ಸು ಹತ್ತುವ ಮುನ್ನ ಇಷ್ಟು ಗಮನಿಸಿ.

1. ಮೊದಲು ನಿಮ್ಮ ಹೊಲ ಸುತ್ತಿ, ಆಮೇಲೆ ಅಂಗಡಿ. ಏನು ಬೆಳೆದಿದೆ, ಕಾಂಡ ಎಷ್ಟು ದಪ್ಪ ಎಂದು ಕೈಯಲ್ಲೇ ಹಿಡಿದು ನೋಡಿ. ಗರಿಕೆ, ಜೇಕು, ಎಳೆ ಹುಲ್ಲಿಗೆ ನೈಲಾನ್ ದಾರ ಸಾಕು. ಬಲಿತ ಕಾಂಗ್ರೆಸ್, ಉತ್ತರಾಣಿ, ಎಳೆ ತಂಗಡಿಗೆ ಎರಡು ಅಥವಾ ಮೂರು ಹಲ್ಲಿನ ಬ್ಲೇಡು ಬೇಕು. ಹೆಬ್ಬೆರಳಿಗಿಂತ ದಪ್ಪಗಿರುವ ಕಟ್ಟಿಗೆಗೆ ಗರಗಸದ ಹಲ್ಲಿನ ದುಂಡು ಬ್ಲೇಡು. ಹೊಲದಲ್ಲಿ ಯಾವುದು ಹೆಚ್ಚಾಗಿದೆಯೋ ಅದನ್ನು ನೋಡಿ ಮಿಷನ್ ಆರಿಸಿ. ಮೂಲೆಯಲ್ಲಿರುವ ನಾಲ್ಕು ದಪ್ಪ ಗಿಡಕ್ಕೆ ಮಚ್ಚು ಇದೆ.

2. ಬಳ್ಳಾರಿ ಜಾಲಿಯ ಲೆಕ್ಕವೇ ಬೇರೆ. ದೊಡ್ಡ ಮಿಷನ್ ಕೊಳ್ಳುವ ಅನೇಕರ ಮನಸ್ಸಿನಲ್ಲಿರುವುದು ಈ ಜಾಲಿಯೇ. ಆದರೆ ಅದನ್ನು ನೆಲಮಟ್ಟಕ್ಕೆ ಕೊಚ್ಚಿದರೆ ಸಾಯುವುದಿಲ್ಲ. ಬುಡದಿಂದ ಒಂದರ ಜಾಗದಲ್ಲಿ ಹತ್ತು ಚಿಗುರೊಡೆದು, ಮುಂದಿನ ವರ್ಷಕ್ಕೆ ಇನ್ನೂ ದಟ್ಟ ಪೊದೆಯಾಗುತ್ತದೆ. ಬ್ಲೇಡಿಗೆ ಸಿಕ್ಕ ಮುಳ್ಳುಕೊಂಬೆ ಎತ್ತ ಹಾರುತ್ತದೆಂದು ಹೇಳಲಾಗದು. ಮಳೆಯಾಗಿ ನೆಲ ಮೆತ್ತಗಿದ್ದಾಗ ಬೇರುಸಮೇತ ಕೀಳಿಸಿ: ಸಣ್ಣದಾದರೆ ಗುದ್ದಲಿ, ಹಳೆಯ ಪೊದೆಯಾದರೆ ಜೆಸಿಬಿ. ಒಂದು ದಿನದ ಜೆಸಿಬಿ ಬಾಡಿಗೆ ಕೊಟ್ಟು ಜಾಲಿ ತೆಗೆಸಿದವರಿಗೆ ಆಮೇಲೆ ಸಾಧಾರಣ ಮಿಷನ್ ಸಾಕಾಗುತ್ತದೆ. ಜಾಲಿಗೆಂದೇ ಭಾರದ ಮಿಷನ್ ತಂದವರು ವರ್ಷವೆಲ್ಲ ಹುಲ್ಲಿಗಾಗಿ ಆ ಭಾರ ಹೊರುತ್ತಾರೆ.

3. ಸಿಸಿ ಕೇಳಿ ಮರುಳಾಗಬೇಡಿ, ಕಿಲೋವ್ಯಾಟ್ ಕೇಳಿ. ಡಬ್ಬಿಯ ಮೇಲೆ ದೊಡ್ಡದಾಗಿ 52 ಸಿಸಿ ಎಂದು ಅಂಟಿಸಿದ ಮಾತ್ರಕ್ಕೆ ಅಷ್ಟು ಶಕ್ತಿ ಬ್ಲೇಡಿಗೆ ಬರುತ್ತದೆಂದಲ್ಲ. ಹೋಲಿಸಲು ಎರಡು ಅಳತೆ: ಹೋಂಡಾದ ಜಿಎಕ್ಸ್ 35 ಎಂಜಿನ್ 35.8 ಸಿಸಿ, ಶಕ್ತಿ ಸುಮಾರು 1 ಕಿಲೋವ್ಯಾಟ್. ಸ್ಟಿಲ್ ಎಫ್‌ಎಸ್ 250 ಮಿಷನ್ 40.2 ಸಿಸಿ, 1.6 ಕಿಲೋವ್ಯಾಟ್. ಅಡಿಕೆ, ತೆಂಗಿನ ಸಾಲುಗಳ ನಡುವಿನ ಹುಲ್ಲಿಗೆ ಮೊದಲನೆಯ ಬಗೆ ಸಾಕು. ಬೀಳುಬಿಟ್ಟ ಹೊಲ, ಬಲಿತ ಪೊದೆ ಹೆಚ್ಚಿದ್ದರೆ ಎರಡನೆಯ ಬಗೆಯ ಶಕ್ತಿ ಬೇಕು.

4. ಮಿಷನ್ ಯಾರ ಕೈಯಲ್ಲಿ ಇರುತ್ತದೆ? ಟೂ-ಸ್ಟ್ರೋಕ್ ಹಗುರ, ಚುರುಕು. ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಕು. ಕೈಪಿಡಿಯಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 40:1 ಎಂದಿದ್ದರೆ 25 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ಒಂದೇ ಒಂದು ಸಲ ಮರೆತು ಬರೀ ಪೆಟ್ರೋಲ್ ಹಾಕಿದರೂ ಎಂಜಿನ್ ಸೀಜ್ ಆಗಬಹುದು. ಫೋರ್-ಸ್ಟ್ರೋಕ್‌ನಲ್ಲಿ ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಸದ್ದೂ ಹೊಗೆಯೂ ಕಡಿಮೆ. ನೀವೊಬ್ಬರೇ ಬಳಸುವುದಾದರೆ ಟೂ-ಸ್ಟ್ರೋಕ್ ತೆಗೆದುಕೊಳ್ಳಿ. ಅಣ್ಣತಮ್ಮಂದಿರು, ಆಳುಗಳು, ಪಕ್ಕದ ಹೊಲದವರು ಎಲ್ಲರೂ ಒಯ್ಯುವ ಮಿಷನ್ ಆದರೆ ಕಣ್ಣುಮುಚ್ಚಿ ಫೋರ್-ಸ್ಟ್ರೋಕ್ ಕೊಳ್ಳಿ.

5. ಬಾಗಿದ ಕೊಳವೆಯ ಸಣ್ಣ ಮಿಷನ್ ಬೇಡ. ಅದು ಮನೆ ಮುಂದಿನ ಹುಲ್ಲಿಗೆ ಸರಿ, ಲೋಹದ ಬ್ಲೇಡು ಹಾಕಲು ಬರುವುದಿಲ್ಲ. ನೇರ ಕೊಳವೆ, ಸೈಕಲ್ಲಿನಂಥ ಎರಡು ಕೈಯ ಹ್ಯಾಂಡಲ್, ಎರಡೂ ಭುಜಕ್ಕೆ ಬರುವ ಪಟ್ಟಿ ಇರಲಿ. ಅಂಗಡಿಯಲ್ಲೇ ನೇತುಹಾಕಿಕೊಂಡು ನಿಲ್ಲಿ. ಕೈ ಬಿಟ್ಟಾಗ ತಲೆ ನೆಲಕ್ಕೆ ಬಡಿಯಬಾರದು, ಮೇಲಕ್ಕೂ ಏಳಬಾರದು. ಎತ್ತರದ ಬದು, ಇಳಿಜಾರು ಹೆಚ್ಚಿದ್ದರೆ ಬೆನ್ನಿಗೆ ಹೊರುವ ಬಗೆಯೂ ಉಂಟು.

6. ಕಲ್ಲಿಗೆ ಹೆದರಿ. ಮಡಕಶಿರದ ಕೆಂಪು ನೆಲದಲ್ಲಿ ಹುಲ್ಲಿನಡಿ ಕಲ್ಲು ಕಾಣುವುದಿಲ್ಲ. ಬ್ಲೇಡಿಗೆ ತಾಗಿದ ಕಲ್ಲು ಗುಂಡಿನಂತೆ ಹಾರುತ್ತದೆ. ಸುತ್ತ 15 ಮೀಟರ್ ಒಳಗೆ ಮಕ್ಕಳು, ದನಕರು, ಇನ್ನೊಬ್ಬ ಆಳು ಯಾರೂ ಇರಬಾರದು. ಬ್ಲೇಡಿನ ಮೇಲಿನ ಗಾರ್ಡನ್ನು ‘ಅಡ್ಡ ಬರುತ್ತದೆ’ ಎಂದು ಬಿಚ್ಚಿಡುವವರಿದ್ದಾರೆ, ಅದನ್ನು ಬಿಚ್ಚಲೇಬೇಡಿ. ಬಲದಿಂದ ಎಡಕ್ಕೆ ಬೀಸಿ ಕೊಯ್ಯಿರಿ. ಬ್ಲೇಡಿನ ಮುಂದಿನ ಬಲಭಾಗ, ಅಂದರೆ ಗಡಿಯಾರದ 12ರಿಂದ 3ರ ನಡುವಿನ ಜಾಗ, ಗಟ್ಟಿ ಕಾಂಡಕ್ಕೆ ತಾಗಿದರೆ ಮಿಷನ್ ಹಿಂದಕ್ಕೆ ಒದೆಯುತ್ತದೆ. ಮುಖಕ್ಕೆ ಜಾಲರಿ, ಅದರೊಳಗೆ ಕನ್ನಡಕ, ಕಿವಿಗೆ ಮುಚ್ಚಳ, ಕಾಲಿಗೆ ಗಂಬೂಟು: ಇವುಗಳ ದುಡ್ಡನ್ನೂ ಮಿಷನ್ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ಕಡಲೆಕಾಯಿ ಹೊಲದಲ್ಲಿ, ಹುಲ್ಲಿನಲ್ಲಿ ಕೊಳಕುಮಂಡಲ ಮಲಗಿರುವ ನಾಡು ನಮ್ಮದು; ಗಂಬೂಟು ಅದಕ್ಕೂ ಬೇಕು.

7. ಡ್ರಿಪ್ ಪೈಪು ಮತ್ತು ಎಳೆ ಸಸಿ. ನಮ್ಮ ತೋಟಗಳು ನಿಂತಿರುವುದೇ ಹನಿ ನೀರಾವರಿಯ ಮೇಲೆ. ಹುಲ್ಲಿನಲ್ಲಿ ಹುದುಗಿದ ಕಪ್ಪು ಪೈಪು ಬ್ಲೇಡಿಗೆ ಸಿಕ್ಕಿದರೆ ತುಂಡಾಗಿದ್ದು ಗೊತ್ತೇ ಆಗುವುದಿಲ್ಲ; ಸಾಲಿನ ಕೊನೆಯ ಗಿಡ ಬಾಡಿದಾಗಲೇ ತಿಳಿಯುವುದು. ಹುಲ್ಲು ಬೆಳೆಯುವ ಮುನ್ನವೇ ಪೈಪುಗಳನ್ನು ಬುಡದ ಹತ್ತಿರ ಎಳೆದಿಡಿ, ಎರಡೂ ತುದಿಗೆ ಗೂಟ ನೆಟ್ಟು ಬಣ್ಣದ ಬಟ್ಟೆ ಕಟ್ಟಿ. ಅಡಿಕೆ ಸಸಿ, ಹಿಪ್ಪುನೇರಳೆ ಸಾಲುಗಳ ಬುಡದಲ್ಲಿ ನೈಲಾನ್ ದಾರವೂ ಅಪಾಯವೇ. ದಾರ ತಾಗಿ ಎಳೆ ಕಾಂಡಕ್ಕೆ ಗಾಯವಾದರೆ ಸಸಿ ಒಣಗಬಹುದು. ಬುಡದ ಸುತ್ತ ಒಂದು ಅಡಿ ಕುಡುಗೋಲಿಗೆ ಬಿಡಿ. ಕೊಯ್ದ ಹುಲ್ಲನ್ನು ಹೊರಗೆ ಹಾಕಬೇಡಿ, ಬೀಜ ಕಟ್ಟದಿದ್ದರೆ ಪಾತಿಯಲ್ಲೇ ಹಾಸಿ. ನೆಲವನ್ನು ಬೋಳಾಗಿ ಕೆರೆಯುವುದು ನಮ್ಮ ಒಣ ಸೀಮೆಗೆ ಒಳ್ಳೆಯದಲ್ಲ. ಮೂರು ನಾಲ್ಕು ಇಂಚು ಬಿಟ್ಟು ಕೊಯ್ದರೆ ತೇವವೂ ಉಳಿಯುತ್ತದೆ, ಬ್ಲೇಡೂ ಉಳಿಯುತ್ತದೆ. ಕಳೆನಾಶಕಕ್ಕಿಂತ ಮಿಷನ್ ಮೇಲು ಎಂದು ನಾನು ಹೇಳುವುದು ಇದಕ್ಕೇ, ಅದರಲ್ಲೂ ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯುವ ತೋಟದಲ್ಲಿ.

8. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ ಕೊಯ್ಯಿರಿ. ಹೂವಾದ ಮೇಲೆ ಕೊಚ್ಚಿದರೆ ನೀವೇ ಬೀಜ ಬಿತ್ತಿದಂತೆ. ಪುಡಿಯಾದ ಎಲೆ ಮತ್ತು ಪರಾಗ ಮೈಗೆ ತಾಗಿದರೆ ತುರಿಕೆ, ಗುಳ್ಳೆ ಏಳುತ್ತವೆ. ಕೆಲವರಿಗೆ ಉಬ್ಬಸವೂ ಬರುತ್ತದೆ. ತುಂಬುತೋಳಿನ ಅಂಗಿ, ಮೂಗುಬಾಯಿಗೆ ಮಾಸ್ಕ್ ಬೇಕು.

9. ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಮಲಗಿಸಬೇಡಿ. ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲ್. ಸಣ್ಣ ಎಂಜಿನ್‌ಗಳ ಅನೇಕ ಕೈಪಿಡಿಗಳು 10% ದಾಟಬಾರದು ಎನ್ನುತ್ತವೆ. ಕೊಳ್ಳುವ ಮಾಡೆಲ್ ಇ20ಗೆ ಆಗುತ್ತದೆಯೇ ಎಂದು ಬರಹದಲ್ಲೇ ಕೇಳಿ. ಎಥೆನಾಲ್ ನೀರು ಹೀರುತ್ತದೆ. ತಿಂಗಳುಗಟ್ಟಲೆ ನಿಂತರೆ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ. ಹಂಗಾಮು ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಹಗರಿಯ ಮರಳು, ಬೇಸಿಗೆಯ ಗಾಳಿ ಇರುವ ರಾಯದುರ್ಗದ ಕಡೆಯವರು ಏರ್ ಫಿಲ್ಟರನ್ನು ಕೆಲಸ ಮಾಡಿದ ಪ್ರತಿ ದಿನವೂ ಒದರಬೇಕು. ಒಂದು ಟ್ಯಾಂಕ್ ಮುಗಿದಾಗ ಮಿಷನ್ ಜೊತೆ ನೀವೂ ತಣ್ಣಗಾಗಿ. ಎಂಜಿನ್ನಿನ ಅದುರಿಗೆ ಬೆರಳು ಜೋಮು ಹಿಡಿಯುತ್ತದೆ.

10. ಕಾಗದ ಮತ್ತು ಮೆಕ್ಯಾನಿಕ್. ಅನಂತಪುರದ ಹತ್ತಿರ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ದಕ್ಷಿಣ ವಲಯದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಅಂಥ ಸರ್ಕಾರಿ ಸಂಸ್ಥೆಯ ಪರೀಕ್ಷಾ ವರದಿ ಇರುವ ಮಾಡೆಲ್‌ಗೆ ಮೊದಲ ಆದ್ಯತೆ ಕೊಡಿ. ಸಹಾಯಧನ ಬೇಕಾದರೆ ಹಣ ಕೊಡುವ ಮುನ್ನವೇ ರೈತ ಸೇವಾ ಕೇಂದ್ರದಲ್ಲಿ ವಿಚಾರಿಸಿ. ಕೊಂಡ ಮೇಲೆ ಕೇಳಿ ಫಲವಿಲ್ಲ. ಜಮೀನಿನ ಪಾಸ್‌ಬುಕ್ ಆಂಧ್ರದ್ದಾದರೆ ಸಿರಾದಲ್ಲೋ ಬಳ್ಳಾರಿಯಲ್ಲೋ ಕೊಂಡು ಕರ್ನಾಟಕದ ಸಹಾಯಧನ ನಿರೀಕ್ಷಿಸಬೇಡಿ. ಮಡಕಶಿರ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಅಲ್ಲಿಯವರ ಜಿಲ್ಲಾ ಕಚೇರಿ ಪುಟ್ಟಪರ್ತಿ, ರಾಯದುರ್ಗದವರಿಗೆ ಅನಂತಪುರವೇ. ಇನ್ನು ಬೆಲೆ ಒಂದೆರಡು ಸಾವಿರ ಕಡಿಮೆ ಎಂದು ಬಿಡಿಭಾಗ ಸಿಗದ ಮಿಷನ್ ತರಬೇಡಿ. ಸ್ಪಾರ್ಕ್ ಪ್ಲಗ್, ಸ್ಟಾರ್ಟರ್ ಹಗ್ಗ, ನೈಲಾನ್ ದಾರದ ತಲೆ, ಕ್ಲಚ್: ಈ ನಾಲ್ಕೂ ಆ ಅಂಗಡಿಯ ಕಪಾಟಿನಲ್ಲಿವೆಯೇ ಎಂದು ತೆರೆದು ತೋರಿಸಲು ಹೇಳಿ. ಆಮೇಲೆ ತಣ್ಣಗಿರುವ ಮಿಷನ್ ಅನ್ನು ನಿಮ್ಮ ಕೈಯಿಂದಲೇ ಹಗ್ಗ ಎಳೆದು ಸ್ಟಾರ್ಟ್ ಮಾಡಿ, ಬಿಲ್ಲಿನಲ್ಲಿ ಎಂಜಿನ್ ನಂಬರ್ ಬರೆಸಿಕೊಳ್ಳಿ.